ಹಸಿವು ನಾನಾ, ನನಗಾ?

ಒಂದು ಸಣ್ಣ ಪ್ರಶ್ನೆ. ಅದಕ್ಕೆ ನಾನು ಕೊಟ್ಟ ಉತ್ತರ ಇವತ್ತಿಗೂ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತೆ. ಟೆಕ್ಸಸ್‌ನ ಇರ್ವಿಂಗ್‌ನಲ್ಲಿ, ಮನೆ ಹತ್ತಿರದ ಲೈಬ್ರರಿಯಲ್ಲಿ, ಮಂಗಳವಾರ ಮತ್ತು ಗುರುವಾರ ಸಂಜೆ ಆರೂವರೆಗೆ ದೊಡ್ಡವರಿಗೆ ಬಿಟ್ಟಿ ಇಂಗ್ಲಿಷ್ ಕ್ಲಾಸು ನಡೆಯುತ್ತೆ. ಕಲಿಸೋರೂ ಬಿಟ್ಟಿಯೇ. ನಾನು ಈ ಊರಿಗೆ ಬಂದ ಹೊಸದರಲ್ಲಿ, ಗಂಡನ ಕೆಲಸದ ವೀಸಾದ ಮೇಲೆ ಹೆಂಡತಿಗೆ ಸಿಗೋ ಎಚ್-4 ವೀಸಾದಲ್ಲಿದ್ದೆ, ಸಂಬಳದ ಕೆಲಸ ಮಾಡೋ ಹಾಗಿರಲಿಲ್ಲ. ಮನೆಯಲ್ಲಿ ಸುಮ್ನೆ ಕೂತು ಗೋಡೆ ನೋಡೋದಕ್ಕಿಂತ ಇದಾದರೂ ಮಾಡೋಣ ಅಂತ ಸೇರಿಕೊಂಡೆ. ಕ್ಲಾಸಿಗೆ ಬರೋರಲ್ಲಿ ಮುಕ್ಕಾಲು ಪಾಲು ಮೆಕ್ಸಿಕೋ, ಹೊಂಡುರಾಸ್, ಎಲ್ ಸಾಲ್ವಡಾರ್, ಗ್ವಾಟೆಮಾಲಾ ಕಡೆಯವರು.

ಆ ಸಂಜೆ ಊಟ ತಿಂಡಿಯ ಪಾಠ. ಮೆಕ್ಸಿಕೋದ ಪುಯೆಬ್ಲಾ ಕಡೆಯ ಒಬ್ಬ ಅಕ್ಕ ಇದ್ದರು. ನಲವತ್ತಾರು ವರ್ಷ. ಹಗಲೆಲ್ಲ ಒಂದು ಹೋಟೆಲಿನಲ್ಲಿ ರೂಮು ಕ್ಲೀನ್ ಮಾಡಿ, ಅಲ್ಲಿಂದ ನೇರ ಕ್ಲಾಸಿಗೆ ಬರೋರು. 'ಐ ಹ್ಯಾವ್ ಹಂಗರ್' ಅಂದರು. ನಾನು ರೂಢಿಯಂತೆ 'ಐ ಆಮ್ ಹಂಗ್ರಿ' ಅಂತ ತಿದ್ದಿದೆ. ಅವರು ಪೆನ್ನು ಕೆಳಗಿಟ್ಟು, ಅರ್ಧ ಇಂಗ್ಲಿಷು ಅರ್ಧ ಸ್ಪ್ಯಾನಿಷ್‌ನಲ್ಲಿ ಕೇಳಿದ್ದರ ಅರ್ಥ ಇಷ್ಟು: "ಟೀಚರ್, ನಾನು ಮೆಕ್ಸಿಕನ್ ಸರಿ, ನಾನು ತಾಯಿ ಸರಿ. ಆದರೆ ಹಸಿವು ಹೇಗೆ ನಾನಾಗುತ್ತೆ? ಹಸಿವು ನನ್ನ ಹತ್ತಿರ ಬಂದಿದೆ. ಊಟ ಆದ ಮೇಲೆ ಹೋಗುತ್ತೆ. ನಾನು ಇಲ್ಲೇ ಇರ್ತೀನಿ." ಉಳಿದವರೆಲ್ಲ ನಕ್ಕರು. ನಾನೂ ನಕ್ಕು, ಇಂಗ್ಲಿಷ್‌ನಲ್ಲಿ ಯಾಕೆ ಅಂತ ಕೇಳಬಾರದು, ಅದು ಇರೋದೇ ಹಾಗೆ ಅಂದುಬಿಟ್ಟೆ. ಅವರು ತಲೆಯಾಡಿಸಿ ಬರೆದುಕೊಂಡರು.

ಕ್ಲಾಸು ಮುಗಿಸಿ ಕಾರಿನಲ್ಲಿ ಕೂತಾಗ ಮನೆಯವರ ಫೋನು. "ಎಲ್ಲಿದ್ದೀಯಾ, ಹಸಿವಾಗ್ತಿದೆ ಕಣೇ." ಹಸಿವಾಗ್ತಿದೆ. ಯಾರಿಗೆ? ನನಗೆ. 'ನಾನು ಹಸಿವು' ಅಂತ ಯಾವ ಕನ್ನಡಿಗನೂ ಹುಟ್ಟಿದಾಗಿನಿಂದ ಅಂದಿಲ್ಲ. ಆ ಅಕ್ಕ ಹೇಳಿದ್ದು ಅಕ್ಷರಶಃ ನಮ್ಮ ಮಾತು: ಹಸಿವು ಬರುತ್ತೆ, ಹೋಗುತ್ತೆ, ನಾನು ಇಲ್ಲೇ ಇರ್ತೀನಿ. ಉತ್ತರ ನನ್ನ ಬಾಯಲ್ಲೇ ಇತ್ತು, ನಾನು ಮಾತ್ರ ನಮ್ಮೂರಿನ ಐದನೇ ಕ್ಲಾಸಿನ ಮೇಷ್ಟ್ರ ಹಾಗೆ 'ಅದು ಹಾಗೇ' ಅಂದು ಬಂದಿದ್ದೆ.

ಎಲ್ಲದಕ್ಕೂ 'ನಾನು' ಯಾಕೆ ಮುಂದೆ ಬರಬೇಕು?

ಆಮೇಲಿಂದ ನಾನು ಕ್ಲಾಸಿನಲ್ಲಿ ತಪ್ಪುಗಳನ್ನ ಬೇರೆ ಥರ ಕೇಳಿಸಿಕೊಳ್ಳೋಕೆ ಶುರು ಮಾಡಿದೆ. ನನಗೆ ಬರೋ ಸ್ಪ್ಯಾನಿಷ್ ಅಷ್ಟಕ್ಕಷ್ಟೆ, ತರಕಾರಿ ಅಂಗಡಿಗೆ ಸಾಲುತ್ತೆ. ಆದರೂ ಈ ಒಂದು ವಿಷಯ ಗೊತ್ತಾಗೋಕೆ ಅಷ್ಟು ಸಾಕಾಯ್ತು. 'ಮೆ ಗುಸ್ತಾ ಎಲ್ ಕಫೆ' ಅಂತಾರೆ ಅವರು. 'ಮೆ' ಅಂದರೆ ನನಗೆ. ನನಗೆ ಕಾಫಿ ಇಷ್ಟ. ಇಲ್ಲಿ ಕೆಲಸ ಮಾಡ್ತಿರೋದು ಕಾಫಿ, ನಾನಲ್ಲ. ಕಾಫಿಯೇ ಬಂದು ನನ್ನನ್ನ ಖುಷಿಪಡಿಸುತ್ತೆ. ಕಾಫಿ ಒಂದಕ್ಕಿಂತ ಜಾಸ್ತಿ ಆದರೆ ಕ್ರಿಯಾಪದವೂ 'ಗುಸ್ತಾನ್' ಅಂತ ಬಹುವಚನ ಆಗುತ್ತೆ. 'ಮೆ ದುಎಲೆ ಲಾ ಕಬೇಸಾ' ಅಂದರೆ ನನಗೆ ತಲೆ ನೋಯುತ್ತೆ. ಅದನ್ನೇ ಇಂಗ್ಲಿಷ್‌ಗೆ ತರುವಾಗ 'ಇಟ್ ಹರ್ಟ್ಸ್ ಮಿ ದಿ ಹೆಡ್' ಅಂತಾರೆ. ಡಾಕ್ಟರಿಗೆ ಅರ್ಥ ಆಗುತ್ತೆ, ಆದರೆ ಹೇಳಿದವರಿಗೆ ಮುಖ ಕೆಂಪಾಗುತ್ತೆ. ಇಂಗ್ಲಿಷ್ ಮಾತ್ರ ಇಷ್ಟಪಡೋದಕ್ಕೂ, ಹಸಿಯೋದಕ್ಕೂ, ಚಳಿಯಾಗೋದಕ್ಕೂ, ಎಲ್ಲದಕ್ಕೂ 'ನಾನು' ಅನ್ನೋ ಒಬ್ಬ ಯಜಮಾನನನ್ನ ತಂದು ಮುಂದೆ ಕೂರಿಸುತ್ತೆ.

ತಮಾಷೆ ಅಂದರೆ ಇಂಗ್ಲಿಷ್ ಮೊದಲಿಂದ ಹೀಗಿರಲಿಲ್ಲ. ಹಳೇ ಇಂಗ್ಲಿಷ್‌ನಲ್ಲಿ 'ಲೈಕ್'ನ ಮೂಲ ಪದಕ್ಕೆ ಹಿಡಿಸು, ಸೇರು ಅನ್ನೋ ಅರ್ಥ ಇತ್ತು. ಅಂದರೆ ಅವರೂ ಒಂದು ಕಾಲದಲ್ಲಿ 'ನನಗೆ ಹಿಡಿಸಿತು' ಅಂತಿದ್ದವರೇ. 400 ವರ್ಷದ ಹಿಂದಿನ ನಾಟಕಗಳಲ್ಲಿ 'ಮೀಥಿಂಕ್ಸ್' ಅಂತ ಬರುತ್ತಲ್ಲ, ಅದನ್ನ ಪಿಯುಸಿಯಲ್ಲಿ ನಮಗೆ 'ಐ ಥಿಂಕ್' ಅಂತ ಬರೆಸಿದ್ದರು. ಅದು 'ಐ ಥಿಂಕ್' ಅಲ್ಲ, 'ನನಗನ್ಸುತ್ತೆ'. ಆಗ ಯಾರಾದರೂ ಹೀಗೆ ಹೇಳಿಕೊಟ್ಟಿದ್ದರೆ ಒಂದು ಸಲಕ್ಕೇ ತಲೆಗೆ ಹೋಗ್ತಿತ್ತು.

ಮುಂದಿನ ಗುರುವಾರ ಬೋರ್ಡಿನ ಮೇಲೆ ಮೂರು ಸಾಲು ಬರೆದೆ. ಮೇಲೆ ಸ್ಪ್ಯಾನಿಷ್, ನಡುವೆ ಕನ್ನಡ, ಕೆಳಗೆ ಇಂಗ್ಲಿಷ್. ಕನ್ನಡ ಅಕ್ಷರ ನೋಡಿ 'ಕೆ ಬೊನೀತೊ', ಎಷ್ಟು ಚೆಂದ ಅಂತ ಒಂದಿಬ್ಬರು ಫೋಟೋ ತೆಗೆದುಕೊಂಡರು. 'ಮೆ' ಕೆಳಗೆ 'ನನಗೆ', 'ಕಫೆ' ಕೆಳಗೆ 'ಕಾಫಿ', 'ಗುಸ್ತಾ' ಕೆಳಗೆ 'ಇಷ್ಟ'. ಬಾಣ ಎಳೆದೆ. ಆಮೇಲೆ ಕೆಳಗಿನ ಸಾಲಿನಲ್ಲಿ ಇಂಗ್ಲಿಷ್ ಹೇಗೆ ಎಲ್ಲ ಉಲ್ಟಾ ಮಾಡುತ್ತೆ ಅಂತ ತೋರಿಸಿದೆ. ನಾವಿಬ್ಬರೂ ಒಂದು ಕಡೆ, ಇಂಗ್ಲಿಷ್ ಇನ್ನೊಂದು ಕಡೆ. ಅಷ್ಟು ದಿನ ನಾನು ಇಂಗ್ಲಿಷ್ ಕಡೆ ನಿಂತು ಅವರನ್ನ ಕರೀತಿದ್ದೆ. ಈ ಕಡೆಯಿಂದ ಜೊತೆಗೆ ನಡೆದು ಹೋಗೋದು ಎಷ್ಟೋ ಸುಲಭ.

ಎಲ್ಲಾ ಕಡೆ ಹೀಗೆ ಹೊಂದುತ್ತೆ ಅಂತಲ್ಲ. ಇಂಗ್ಲಿಷ್‌ನ 'ಎ', 'ಆನ್', 'ದಿ' ನಮ್ಮನ್ನ ಸಾಯೋತನಕ ಬಿಡಲ್ಲ, ಯಾಕಂದರೆ ನಮ್ಮಲ್ಲಿ ಅಂಥದ್ದೇ ಇಲ್ಲ. ಅವರಿಗೆ ಅದು ಇದೆ, ಇನ್ನೂ ಜಾಸ್ತಿಯೇ ಇದೆ. ಹಾಗಾಗಿ ನಾವು ಬಿಟ್ಟು ತಪ್ಪು ಮಾಡಿದರೆ ಅವರು ಸೇರಿಸಿ ತಪ್ಪು ಮಾಡ್ತಾರೆ: 'ದಿ ಲೈಫ್ ಈಸ್ ಹಾರ್ಡ್'. ಜೀವನ ಕಷ್ಟ ಅನ್ನೋದನ್ನ ಅಷ್ಟು ಗಟ್ಟಿಯಾಗಿ ಹೇಳೋದರಲ್ಲಿ ತಪ್ಪೇನು ಅಂತ ನನಗೆ ಒಂದೊಂದು ಸಲ ಅನ್ಸುತ್ತೆ. ಇನ್ನು 'ಸು' ಅನ್ನೋ ಅವರ ಒಂದೇ ಪದ ಅವನ, ಅವಳ, ಅವರ, ನಿಮ್ಮ, ಎಲ್ಲವೂ ಆಗುತ್ತೆ. 'ಮೈ ಸಿಸ್ಟರ್ ಅಂಡ್ ಹಿಸ್ ಹಸ್ಬೆಂಡ್' ಅಂತ ಕ್ಲಾಸಿನಲ್ಲಿ ವಾರಕ್ಕೆ ನಾಲ್ಕು ಸಲ ಕೇಳ್ತೀನಿ. ಇಲ್ಲಿ ಕನ್ನಡ ನೆರವಿಗೆ ಬರಲ್ಲ.

ಡು ಅನ್ನೋ ದೆವ್ವ

ಕನ್ನಡದಲ್ಲಿ ಪ್ರಶ್ನೆ ಕೇಳೋಕೆ ಕೊನೆಗೊಂದು 'ಆ' ಸಾಕು. ಬರ್ತೀಯಾ? ಸ್ಪ್ಯಾನಿಷ್‌ನಲ್ಲಿ ಅದೂ ಬೇಡ, ದನಿ ಏರಿಸಿದರೆ ಸಾಕು. ಬರೆಯುವಾಗ ಮಾತ್ರ ವಾಕ್ಯದ ಶುರುವಿನಲ್ಲೇ ಒಂದು ತಲೆಕೆಳಗಾದ ಪ್ರಶ್ನೆ ಚಿಹ್ನೆ ಇಡ್ತಾರೆ. ಪ್ರಶ್ನೆ ಬರ್ತಿದೆ ಹುಷಾರು ಅಂತ ಮೊದಲೇ ಹೇಳೋದು ನನಗೆ ಬಹಳ ಮರ್ಯಾದೆಯ ಪದ್ಧತಿ ಅನ್ಸುತ್ತೆ. ಇಂಗ್ಲಿಷ್‌ನಲ್ಲಿ ಎಲ್ಲಿಂದಲೋ ಒಂದು 'ಡು' ಬರುತ್ತೆ. ಅದಕ್ಕೆ ಅರ್ಥ ಇಲ್ಲ. ಮಾಡೋದೂ ಅಲ್ಲ, ಬಿಡೋದೂ ಅಲ್ಲ. 'ಡು ಯು ಲೈಕ್ ಕಾಫಿ' ಅನ್ನೋದರಲ್ಲಿ ಡು ಏನು ಮಾಡ್ತಿದೆ ಟೀಚರ್ ಅಂತ ಹೊಂಡುರಾಸಿನ ಹುಡುಗ ಕೇಳಿದ. ಅದು ಪಾಪ ಕಾಲವನ್ನ ಹೊರುತ್ತಪ್ಪ ಅಂದೆ. ನಿನ್ನೆ ಆದರೆ ಡಿಡ್, ಅವನು ಅವಳು ಆದರೆ ಡಸ್. ಡು ಭಾರ ಹೊತ್ತುಕೊಂಡ ಮೇಲೆ ಅಸಲಿ ಕ್ರಿಯಾಪದ ಕೈಬೀಸಿಕೊಂಡು ನಡೆಯುತ್ತೆ. ಅದಕ್ಕೇ 'ಡಿಡ್ ಯು ವೆಂಟ್' ಆಗಲ್ಲ, 'ಡಿಡ್ ಯು ಗೋ'. ಹೀಗೆ ಹೇಳಿದ ಮೇಲೆ ಅವನು ವೆಂಟ್ ಅನ್ನೋದು ಬಿಟ್ಟ. ನಾನು ಮಾತ್ರ ಸುಸ್ತಾದಾಗ ಈಗಲೂ 'ಡಿಡ್ ಯು ವೆಂಟ್' ಅಂತೀನಿ, ಮಗಳು ತಿದ್ದುತ್ತಾಳೆ.

ಮಾಡೋದು ಅಂದ ಮೇಲೆ ಇದನ್ನೂ ಹೇಳಬೇಕು. ನಾವು ಎಲ್ಲವನ್ನೂ 'ಮಾಡ್ತೀವಿ'. ಅಡುಗೆ ಮಾಡು, ಹೋಂವರ್ಕ್ ಮಾಡು, ಫೋನ್ ಮಾಡು, ತಪ್ಪು ಮಾಡು. ಸ್ಪ್ಯಾನಿಷ್‌ನ 'ಅಸೇರ್' ಬಹುಪಾಲು ಇದೇ. ಇಂಗ್ಲಿಷ್ ಅದನ್ನ 'ಡು' ಮತ್ತು 'ಮೇಕ್' ಅಂತ ಎರಡು ಮನೆ ಮಾಡಿ, ಆಸ್ತಿಯನ್ನ ಯಾವ ಲೆಕ್ಕದಲ್ಲಿ ಹಂಚಿತೋ ದೇವರಿಗೇ ಗೊತ್ತು. ಹೋಂವರ್ಕ್ ಡು ಮನೆಗೆ ಹೋಯ್ತು, ತಪ್ಪು ಮೇಕ್ ಮನೆಗೆ. ಹಾಸಿಗೆ ಮೇಕ್, ಪಾತ್ರೆ ಡು. ಹೋಟೆಲಿನಲ್ಲಿ ದಿನಕ್ಕೆ ಹದಿನೈದು ಹಾಸಿಗೆ 'ಮೇಕ್' ಮಾಡೋ ಅಕ್ಕನಿಗೆ ಇದು ಪುಸ್ತಕ ಇಲ್ಲದೇ ಬಾಯಿಗೆ ಬಂದಿತ್ತು.

ಪಗಾರ

ಒಂದು ದಿನ ಆ ಅಕ್ಕ ತಮ್ಮ ಸಂಬಳದ ಚೀಟಿ ತಂದರು. ಇದನ್ನ ಓದೋದು ಕಲಿಸಿ ಅಂದರು. ಅವತ್ತಿನ ಪಾಠ ಬಣ್ಣಗಳ ಹೆಸರು. ಬಣ್ಣಗಳನ್ನ ಪಕ್ಕಕ್ಕಿಟ್ಟೆವು. ಎಲ್ಲರೂ ಒಂದೇ ಮೇಜಿನ ಸುತ್ತ ಬಗ್ಗಿದರು. ಗ್ರಾಸ್ ಪೇ, ನೆಟ್ ಪೇ, ಓವರ್‌ಟೈಮ್, ಡಿಡಕ್ಷನ್. 'ಗ್ರಾಸ್' ಅಂದರೆ ಫೋನಿನ ಡಿಕ್ಷನರಿ ಅಸಹ್ಯ ಅಂತ ತೋರಿಸ್ತಿತ್ತು. ಇಲ್ಲಿ ಅದು ಕಡಿತಕ್ಕೆ ಮುಂಚಿನ ಒಟ್ಟು ಸಂಬಳ, ಸ್ಪ್ಯಾನಿಷ್‌ನಲ್ಲಿ ಇದಕ್ಕೆ 'ಬ್ರೂತೊ' ಅಂತಾರೆ, ಹಾಗಂದರೆ ಒರಟ, ಪೆದ್ದ ಅಂತಲೂ ಅರ್ಥ. ಅಸಹ್ಯದ ಸಂಬಳ, ಪೆದ್ದ ಸಂಬಳ ಅಂತ ಒಂದಷ್ಟು ಹೊತ್ತು ನಗು. ನಗುವಿನ ಮಧ್ಯೆ ಆ ಅಕ್ಕ ಬೆರಳಿಟ್ಟು ತೋರಿಸಿದರು: ವಾರಕ್ಕೆ 44 ಗಂಟೆ ಬರೆದಿದೆ, ಓವರ್‌ಟೈಮ್ ಜಾಗದಲ್ಲಿ ಸೊನ್ನೆ. ಇಲ್ಲಿನ ಕಾನೂನಿನ ಪ್ರಕಾರ ಗಂಟೆ ಲೆಕ್ಕದ ಕೂಲಿಯವರಿಗೆ ವಾರದಲ್ಲಿ 40 ಗಂಟೆ ದಾಟಿದ ಮೇಲೆ ಒಂದೂವರೆ ಪಟ್ಟು ಕೊಡಬೇಕು. ಅವರಿಗೆ ಲೆಕ್ಕ ಬರ್ತಿತ್ತು, ಆ ನಾಲ್ಕು ಇಂಗ್ಲಿಷ್ ಪದ ಮಾತ್ರ ಬರ್ತಿರಲಿಲ್ಲ. ಅವತ್ತು ಕ್ಲಾಸಿನ ಉಳಿದ ಒಂದು ಗಂಟೆ ಎರಡೇ ಎರಡು ವಾಕ್ಯ ಅಭ್ಯಾಸ ಮಾಡಿದೆವು: 'ಐ ವರ್ಕ್ಡ್ ಫಾರ್ಟಿಫೋರ್ ಅವರ್ಸ್. ವೇರ್ ಈಸ್ ಮೈ ಓವರ್‌ಟೈಮ್?' ವರ್ಕ್ಡ್‌ನ ಕೊನೆಯ 'ಟ' ಕೇಳಿಸಲೇಬೇಕು ಅಂತ ಪಟ್ಟು ಹಿಡಿದೆ, ಇಲ್ಲದಿದ್ದರೆ ಭೂತಕಾಲ ಉದುರಿಹೋಗುತ್ತೆ, ಅದರ ಜೊತೆ ದುಡ್ಡೂ.

ಈ ಗದ್ದಲದಲ್ಲಿ ಅವರು 'ಪಗಾರ್, ಪಗಾರ್' ಅಂತಿದ್ದರು. ಕೊಡೋದು, ದುಡ್ಡು ಪಾವತಿ ಮಾಡೋದು ಅಂತ. ನನಗೆ ಮೈ ಜುಮ್ ಅಂತು. ನಮ್ಮ ಹಾವೇರಿ ಕಡೆ ಸಂಬಳ ಅನ್ನಲ್ಲ, ಪಗಾರ ಅಂತೀವಿ. 'ಪಗಾರ ಆತೇನ್ರೀ?' ಅಂತ ಒಂದನೇ ತಾರೀಕು ಅಪ್ಪನನ್ನ ಎಲ್ಲರೂ ಕೇಳೋರು. ಪೋರ್ಚುಗೀಸರು ಗೋವಾಕ್ಕೆ ಬಂದು ನಮಗೆ ಬಿಟ್ಟುಹೋದ ಪದ ಅದು. ಪೋರ್ಚುಗೀಸೂ ಸ್ಪ್ಯಾನಿಷ್ಷೂ ಅಕ್ಕತಂಗಿಯರು. ಅವತ್ತು ಮನೆಗೆ ಬಂದು ಪಟ್ಟಿ ಮಾಡಿದೆ. ಬಾಲ್ದಿ ಅವರಿಗೂ 'ಬಾಲ್ದೆ'. ನಮ್ಮ ಅಲಮಾರು ಅವರ 'ಅರ್ಮಾರಿಯೊ'. ಪಾದ್ರಿ ಅವರ 'ಪಾದ್ರೆ', ಅಪ್ಪ ಅಂತಲೂ ಹೌದು. ಕಟ್ಟಡದ ಮೇಸ್ತ್ರಿ ಅವರಲ್ಲಿ 'ಮಾಯೆಸ್ತ್ರೊ', ಹೆಂಗಸಾದರೆ 'ಮಾಯೆಸ್ತ್ರಾ', ಕಲಿಸುವವರು ಅಂತ. ನನ್ನನ್ನ ಅವರು ಕರೆಯೋದೇ ಹಾಗೆ. ಅಂದಿನಿಂದ ನಾನು ಕ್ಲಾಸಿಂದ ಬಂದ ಕೂಡಲೇ ಮನೆಯವರು 'ಮೇಸ್ತ್ರಿ ಬಂದ್ರು, ಗಾರೆ ಕಲಸ್ರಪ್ಪ' ಅಂತಾರೆ.

ಪದಗಳ ಪಾಠ ಅಂದರೆ ಎಲ್ಲಾ ಪುಸ್ತಕದಲ್ಲೂ ಒಂದೇ ಜೋಕು. 'ಎಂಬರಸಾದಾ' ಅಂದರೆ ಬಸುರಿ, 'ಎಂಬರಾಸ್ಡ್' ಅಂದರೆ ನಾಚಿಕೆ. ಹೌದು, ನಮ್ಮ ಕ್ಲಾಸಿನಲ್ಲೂ ಆಯ್ತು. ಒಬ್ಬ ಬರದಿದ್ದಾಗ ಅವನ ಗೆಳೆಯ 'ಹಿಸ್ ವೈಫ್ ಈಸ್ ವೆರಿ ಎಂಬರಾಸ್ಡ್, ಸೆವೆನ್ ಮಂತ್ಸ್' ಅಂದ. ಆದರೆ ಈ ಜೋಕಿಗೆ ಸಿಗೋ ಬೆಲೆ ಜಾಸ್ತಿಯಾಯ್ತು ಅಂತ ನನ್ನ ಅಭಿಪ್ರಾಯ. ಇದು ಒಂದು ಸಲ ಆದರೆ ಜನ್ಮದಲ್ಲಿ ಮರೆಯಲ್ಲ. ನಿಜವಾಗಿ ತೊಂದರೆ ಕೊಡೋದು ಸದ್ದು ಮಾಡದ ಪದಗಳು. 'ಅಸಿಸ್ತಿರ್' ಅಂದರೆ ಹಾಜರಾಗು. ಹಾಗಾಗಿ 'ಐ ಅಸಿಸ್ಟ್ ದಿ ಇಂಗ್ಲಿಷ್ ಕ್ಲಾಸ್' ಅಂತ ಕೆಲಸದ ಅರ್ಜಿಯಲ್ಲಿ ಬರೀತಾರೆ. ಓದಿದವರು ಇವರೇ ಪಾಠಕ್ಕೆ ನೆರವು ಮಾಡ್ತಾರೆ ಅಂದುಕೊಳ್ತಾರೆ. ಯಾರೂ ನಗಲ್ಲ, ಹಾಗಾಗಿ ಯಾರೂ ತಿದ್ದಲ್ಲ. ನನ್ನದೂ ಇಂಥದ್ದೇ ಒಂದಿದೆ. ಲೈಬ್ರರಿಯಲ್ಲಿ ಮೊದಲ ದಿನ ಪರಿಚಯ ಹೇಳುವಾಗ 'ಐ ಪಾಸ್ಡ್ ಔಟ್ ಇನ್ 2004' ಅಂದಿದ್ದೆ. ಡಿಗ್ರಿ ಮುಗಿಸಿದೆ ಅಂತ ನನ್ನ ಅರ್ಥ. ಎದುರಿಗಿದ್ದವರು ಬಹಳ ಕಾಳಜಿಯಿಂದ, ಈಗ ಹುಷಾರಾಗಿದ್ದೀರಾ ಅಂತ ಕೇಳಿದರು. ಇಲ್ಲಿ ಹಾಗಂದರೆ ಪ್ರಜ್ಞೆ ತಪ್ಪಿ ಬೀಳೋದು.

ಇನ್ನೊಂದು ವಿಚಿತ್ರ. 'ಬೇಸಿಕ್' ಪದಗಳು ಅಂತ ಪುಸ್ತಕ ಮೊದಲ ಪಾಠದಲ್ಲಿ ಕೊಡುತ್ತಲ್ಲ, ಗೆಟ್, ಪುಟ್, ಟೇಕ್ ಆಫ್, ಫೈಂಡ್ ಔಟ್, ಇವರಿಗೆ ಅವೇ ಅತಿ ಕಷ್ಟ. 'ಇನ್ವೆಸ್ಟಿಗೇಟ್', 'ನೆಸೆಸರಿ', 'ಡಿಫಿಕಲ್ಟಿ' ಅಂಥ ಉದ್ದುದ್ದ ಪದಗಳು ನೀರು ಕುಡಿದಷ್ಟು ಸುಲಭ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ಇಂಗ್ಲಿಷ್‌ಗೆ ರಾಶಿ ರಾಶಿ ಬಂದವು. ಆಮೇಲೆ ವಿದ್ವಾಂಸರು ಲ್ಯಾಟಿನ್‌ನಿಂದ ಇನ್ನೊಂದಷ್ಟು ತಂದರು. ಅವೆಲ್ಲ ಸ್ಪ್ಯಾನಿಷ್‌ನ ನೆಂಟರು. ಹಾಗಾಗಿ ಆರು ತಿಂಗಳು ಕಲಿತ ಒಬ್ಬರು 'ದಿ ಕ್ಲಾಸ್ ಕಮೆನ್ಸಸ್ ಅಟ್ ಸಿಕ್ಸ್ ಥರ್ಟಿ' ಅಂತ ವಕೀಲರ ಹಾಗೆ ಮಾತಾಡ್ತಾರೆ, 'ಗೆಟ್ ಆಫ್ ದಿ ಬಸ್' ಅಂದರೆ ಕಣ್ ಕಣ್ ಬಿಡ್ತಾರೆ. ಹಿಂದಿ ಮನೆಮಾತಿನವರು ಕನ್ನಡ ಕಲಿಯುವಾಗ ಹೀಗೇ ಅಲ್ವಾ? 'ಭೋಜನ ಪ್ರಾರಂಭವಾಯಿತು' ತಕ್ಷಣ ಗೊತ್ತಾಗುತ್ತೆ. 'ಉಣ್ಣೋಕೆ ಬಾ, ಹೊತ್ತಾಯ್ತು' ಅಂದರೆ ಏನೂ ಗೊತ್ತಾಗಲ್ಲ. ಯಾವುದು ಸುಲಭ ಅನ್ನೋದು ಕಲಿಯೋರು ಎಲ್ಲಿಂದ ಹೊರಟಿದ್ದಾರೆ ಅನ್ನೋದರ ಮೇಲಿದೆ, ಪುಸ್ತಕ ಬರೆಯೋರು ಇದನ್ನ ಯಾಕೋ ಕೇಳೋದೇ ಇಲ್ಲ.

ನೋಟ್‌ಬುಕ್ಕಿನ ಮೇಲಿಟ್ಟ ಕೈ

ಆ ಅಕ್ಕ ಬರೆಯುವಾಗ ಎಡಗೈ ಅಡ್ಡ ಇಟ್ಟುಕೊಳ್ಳೋರು. ಪರೀಕ್ಷೆಯಲ್ಲಿ ಪಕ್ಕದವರು ಕಾಪಿ ಹೊಡೆಯದ ಹಾಗೆ ಮಕ್ಕಳು ಇಟ್ಟುಕೊಳ್ತಾರಲ್ಲ, ಹಾಗೆ. ಒಂದು ಸಲ ಹಿಂದಿನಿಂದ ಹೋದಾಗ ಕಣ್ಣಿಗೆ ಬಿತ್ತು. 'ವಾಟ್' ಅನ್ನೋದನ್ನ ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಬರೆದು ಅದರ ಕೆಳಗೆ ಚಿಕ್ಕದಾಗಿ ಜಿ, ಯು, ಎ, ಟಿ ಅಂತ ತಮ್ಮ ಭಾಷೆಯ ಸ್ಪೆಲಿಂಗ್‌ನಲ್ಲಿ ಬರೆದುಕೊಂಡಿದ್ದರು. ಪ್ರತಿ ಸಾಲಿನ ಕೆಳಗೂ ಹೀಗೇ. ನಾನು ನೋಡಿದ್ದು ಗೊತ್ತಾಗಿ ಮುಖ ಬಾಡಿತು. 'ಸಾರಿ ಟೀಚರ್' ಅಂದರು. ಯಾರೋ ಹಿಂದೆ ಕಲಿಸಿದವರು, ಹೀಗೆ ಬರೆದುಕೊಂಡರೆ ಉಚ್ಚಾರಣೆ ಹಾಳಾಗುತ್ತೆ ಅಂತ ಅವರಿಗೆ ಬೈದಿದ್ದರಂತೆ.

ನಮಗೆ ಇಂಗ್ಲಿಷ್ ಶುರುವಾಗಿದ್ದು ಐದನೇ ಕ್ಲಾಸಿಗೆ, ಕನ್ನಡ ಮೀಡಿಯಂ. ಎಬಿಸಿಡಿಯೇ ಜೂನ್ ತಿಂಗಳಲ್ಲಿ ಶುರು, ಆಗಸ್ಟಿಗೆಲ್ಲ ಎದ್ದು ನಿಂತು ಪಾಠ ಓದಬೇಕು. ಹೇಗೆ ಓದೋದು? ಪೆನ್ಸಿಲ್‌ನಲ್ಲಿ ಪ್ರತಿ ಸಾಲಿನ ಮೇಲೂ 'ದಿಸ್ ಈಸ್ ಎ ಕೌ' ಅಂತ ಕನ್ನಡದಲ್ಲಿ ಬರೆದುಕೊಂಡಿದ್ದೆ. ಸಣ್ಣ ಅಕ್ಷರ, ಹತ್ತಿರ ಬಂದರೆ ಮಾತ್ರ ಕಾಣೋದು. ಮೇಷ್ಟ್ರು ಹತ್ತಿರ ಬಂದರು. ಪುಸ್ತಕ ಎತ್ತಿ ಇಡೀ ಕ್ಲಾಸಿಗೆ ತೋರಿಸಿ, 'ಇಕಿ ಕನ್ನಡದಾಗ ಇಂಗ್ಲಿಷ್ ಓದ್ತಾಳ ನೋಡ್ರಿ' ಅಂದರು. ಅಂಗೈ ಮೇಲೆ ಎರಡು ಬಿತ್ತು. ಏಟು ಮರೆತುಹೋಗಿದೆ. ರಬ್ಬರ್ ಕೊಟ್ಟು ಎಲ್ಲರ ಎದುರು ಒಂದೊಂದೇ ಸಾಲು ಅಳಿಸೋಕೆ ಹೇಳಿದರಲ್ಲ, ಅದು ಮರೆತಿಲ್ಲ. ಕಾಗದ ಹರಿದು 'ಕೌ' ಇದ್ದ ಜಾಗದಲ್ಲಿ ತೂತಾಗಿತ್ತು. ವರ್ಷಪೂರ್ತಿ ಆ ತೂತಿನಿಂದ ಮುಂದಿನ ಪುಟದ ಚಿತ್ರ ಕಾಣ್ತಿತ್ತು.

ಅವತ್ತು ಸಂಜೆ ಲೈಬ್ರರಿಯಲ್ಲಿ ಕೈ ತೆಗೀರಿ, ಬರ್ಕೊಳ್ಳಿ, ಎಲ್ಲರೂ ಹೀಗೇ ಬರ್ಕೊಳ್ಳಿ ಅಂದೆ. ನನಗೂ ತೋರಿಸಿ ಅಂದೆ. ತೋರಿಸಿದ ಮೇಲೆ ನನಗೇ ಪಾಠ ಆಯ್ತು. ಯಾರ ಕಿವಿಗೆ ಏನು ಕೇಳಿಸ್ತಿದೆ ಅಂತ ಆ ಚಿಕ್ಕ ಅಕ್ಷರಗಳಲ್ಲಿ ಕನ್ನಡಿ ಹಿಡಿದ ಹಾಗೆ ಕಾಣ್ತಿತ್ತು. 'ಶಿಪ್'ಗೂ 'ಶೀಪ್'ಗೂ ಒಂದೇ ಸ್ಪೆಲಿಂಗ್ ಬರೆದಿದ್ದರು. ಅವರ ಭಾಷೆಯಲ್ಲಿ ಇರೋದು ಐದೇ ಸ್ವರ, ಹ್ರಸ್ವ ದೀರ್ಘದ ಲೆಕ್ಕ ಇಲ್ಲ. ನಮಗೆ ಇದು ಒಂದನೇ ಕ್ಲಾಸಿನ ಗುಡಿಸು, ಗುಡಿಸಿನ ದೀರ್ಘ. ಬೋರ್ಡಿನ ಮೇಲೆ ಕೈಯಲ್ಲಿ ಗುಡಿಸು ಬರೆದು, ದೀರ್ಘ ಎಳೆದು ತೋರಿಸಿದೆ. ಅವರಿಗೆ ಅಕ್ಷರ ಬರದಿದ್ದರೂ ಎಳೆದ ಗೆರೆಯ ಉದ್ದ ಅರ್ಥ ಆಯ್ತು. ಇನ್ನು 'ಸ್ಕೂಲ್' ಅವರಿಗೆ 'ಎಸ್ಕೂಲ್', ಸ್ಟಾಪ್ 'ಎಸ್ಟಾಪ್'. ನಮ್ಮಜ್ಜಿಗೂ ಅದು ಇಸ್ಕೂಲೇ. ಸ-ಕಾರದ ಒತ್ತಕ್ಷರದ ಮುಂದೆ ಒಂದು ಮೆಟ್ಟಿಲು ಇಟ್ಟು ಹತ್ತೋದು.

'ವಿ' ಮತ್ತು 'ಬಿ' ಅವರಿಗೆ ಒಂದೇ ಸದ್ದು. 'ವೋಟ್' ಹೋಗಿ 'ಬೋಟ್' ಆಗುತ್ತೆ. ನಾನು ಬಹಳ ತಾಳ್ಮೆಯಿಂದ ಕೆಳತುಟಿಗೆ ಹಲ್ಲು ಮುಟ್ಟಿಸಿ 'ವಿ, ವಿ' ಅಂತ ಹೇಳಿಕೊಡ್ತಿದ್ದೆ. ಆಮೇಲೆ 'ವೈನ್', 'ವೆಸ್ಟ್' ಅಂತ ಓದಿಸುವಾಗ ಹೊಂಡುರಾಸಿನ ಹುಡುಗ ತಡೆದ. ಟೀಚರ್, ಡಬ್ಲ್ಯುಗೂ ನೀವು ಹಲ್ಲು ಮುಟ್ಟಿಸ್ತಿದ್ದೀರಿ, ಅಲ್ಲಿ ತುಟಿ ಗುಂಡಗೆ ಮಾಡಬೇಕಲ್ವಾ ಅಂದ. ನಮಗೆ ಇರೋದು ಒಂದೇ 'ವ' ನೋಡಿ. ಇಪ್ಪತ್ತು ವರ್ಷದಿಂದ ನಾನು ಇದನ್ನ ತಪ್ಪು ಹೇಳ್ತಿದ್ದೀನಿ, ಯಾರೂ ಹೇಳಿರಲಿಲ್ಲ. ಅವತ್ತಿನಿಂದ ಅವನು ನನ್ನ ಡಬ್ಲ್ಯು ಮೇಷ್ಟ್ರು.

'ಎಚ್' ಕಥೆ ಹೇಳದಿದ್ದರೆ ಮನೆಯವರು ಬಿಡಲ್ಲ. ಸ್ಪ್ಯಾನಿಷ್‌ನಲ್ಲಿ ಎಚ್ ಬರೀತಾರೆ, ಉಚ್ಚರಿಸಲ್ಲ. 'ಹಾಸ್ಪಿಟಲ್' ಅವರಿಗೆ 'ಓಸ್ಪಿತಾಲ್'. ಮನೆಯವರು ಮಂಡ್ಯ ಕಡೆಯವರು, ಅವರ ಹಳ್ಳಿಯಲ್ಲಿ ಹಾಲು 'ಆಲು', ಹೂವು 'ಊವು'. ಅವರನ್ನ ನಾನು ಇದಕ್ಕೆ ಇಷ್ಟು ವರ್ಷ ಆಡಿಕೊಂಡಿದ್ದೀನಿ. ಆದರೆ ದಾರಿ ನೋಡಿ: ಹಳಗನ್ನಡದ 'ಪಾಲ್' ಮೊದಲು 'ಹಾಲು' ಆಯ್ತು, ಆಮೇಲೆ ಅಲ್ಲಲ್ಲಿ 'ಆಲು' ಆಯ್ತು. ಲ್ಯಾಟಿನ್‌ನ 'ಫರೀನಾ', ಅಂದರೆ ಹಿಟ್ಟು, ಸ್ಪ್ಯಾನಿಷ್‌ಗೆ ಬರುತ್ತಾ ಎಫ್ ಹೋಗಿ 'ಹರೀನಾ' ಆಯ್ತು, ಕೊನೆಗೆ ಹಕಾರವೂ ಉದುರಿ ಬಾಯಲ್ಲಿ 'ಅರೀನಾ' ಉಳಿಯಿತು. ತುಟಿಯ ಸದ್ದು ಮೊದಲು ಉಸಿರಾಯ್ತು, ಆಮೇಲೆ ಉಸಿರೂ ಹೋಯ್ತು. ಇದನ್ನ ಮನೆಯಲ್ಲಿ ಹೇಳಿದ್ದೇ ತಪ್ಪಾಯ್ತು. ಈಗ ಆಲು ಅಂತ ಬೇಕಂತಲೇ ಇನ್ನೂ ಜೋರಾಗಿ ಅಂತಾರೆ.

ನೀವು ಇಲ್ಲದ ಭಾಷೆ

ಲೈಬ್ರರಿಯವರು ಶುರುವಿನಲ್ಲೇ, ಕಲಿಯೋರು ನಿಮ್ಮನ್ನ ಹೆಸರಿಡಿದು ಕರೆಯೋ ಹಾಗೆ ಅಭ್ಯಾಸ ಮಾಡಿಸಿ, 'ಟೀಚರ್' ಅಂತ ಕರೆಯೋದು ಇಲ್ಲಿನ ರೂಢಿ ಅಲ್ಲ ಅಂದಿದ್ದರು. ಒಬ್ಬರೂ ಕರೆಯಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಅವರಿಗೆ 'ತು' ಇದೆ, 'ಉಸ್ತೆದ್' ಇದೆ. ನೀನು, ನೀವು. ಮೆಕ್ಸಿಕೋದವರು ಕೇಳಿಸದಿದ್ದರೆ 'ಏನು?' ಅನ್ನಲ್ಲ, 'ಮಾಂದೆ?' ಅಂತಾರೆ, ಅಪ್ಪಣೆ ಮಾಡಿ ಅನ್ನೋ ಅರ್ಥದ ಮಾತು. ನಮ್ಮ ಕಡೆಯ 'ಏನಂದ್ರೀ?' ಇದೆಯಲ್ಲ, ಅದರ ರೀ. ಇಂಗ್ಲಿಷ್‌ಗೆ ಬಂದ ಕೂಡಲೇ ಈ 'ರೀ' ಕೈಯಿಂದ ಜಾರಿಹೋಗುತ್ತೆ, ಎಲ್ಲರೂ 'ಯು'. ಮರ್ಯಾದೆಯನ್ನ ಎಲ್ಲಿಡೋದು ಅಂತ ಗೊತ್ತಾಗದೆ ಅವರು ಅದನ್ನೆಲ್ಲ ತಂದು 'ಟೀಚರ್'ನಲ್ಲಿ ಇಡ್ತಿದ್ದರು. ಅದನ್ನೂ ಕಿತ್ತುಕೊಳ್ಳೋದು ನನ್ನ ಕೈಲಾಗಲಿಲ್ಲ. ಮರ್ಯಾದೆ 'ಯು'ನಲ್ಲಿ ಸಿಗಲ್ಲ, 'ವುಡ್ ಯು', 'ಕುಡ್ ಯು', 'ಐ ವಾಸ್ ವಂಡರಿಂಗ್' ಅನ್ನೋ ಸುತ್ತುಬಳಸಿನಲ್ಲಿ ಸಿಗುತ್ತೆ ಅಂತ ಮಾತ್ರ ಹೇಳಿಕೊಟ್ಟೆ.

ಇಷ್ಟೆಲ್ಲ 'ಸ್ಪ್ಯಾನಿಷ್‌ನವರು' ಅಂತ ಬರೆದೆನಲ್ಲ, ಅದರಲ್ಲೂ ಒಂದು ತಪ್ಪಿದೆ. ಅಮೆರಿಕದಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಆಡೋರು 4 ಕೋಟಿಗೂ ಜಾಸ್ತಿ. 2011ರ ಜನಗಣತಿಯಲ್ಲಿ ಕನ್ನಡ ತಮ್ಮ ತಾಯ್ನುಡಿ ಅಂತ ಬರೆಸಿದವರು ಸುಮಾರು 4 ಕೋಟಿ 37 ಲಕ್ಷ. ಅಂದರೆ ಹೆಚ್ಚುಕಮ್ಮಿ ನಮ್ಮಷ್ಟೇ ಜನ. ಅಷ್ಟು ಜನರನ್ನ ಒಂದೇ ಡಬ್ಬಿಗೆ ಹಾಕಿದರೆ ಹೇಗೆ? ಗ್ವಾಟೆಮಾಲಾದ ಒಬ್ಬ ಅಣ್ಣ ಬರ್ತಿದ್ದರು, ಮನೆಗಳ ಛಾವಣಿ ಹಾಕೋ ಕೆಲಸ. ಬಹಳ ಕಮ್ಮಿ ಮಾತು. ನಾನು ಸ್ಪ್ಯಾನಿಷ್ ಉದಾಹರಣೆ ಕೊಟ್ಟಾಗ ಎಲ್ಲರೂ 'ಆಹಾ' ಅಂದರೆ ಇವರು ಸುಮ್ನಿರೋರು. ಪೆದ್ದು ಅಂದುಕೊಂಡೆನಾ? ಸ್ವಲ್ಪ ಅಂದುಕೊಂಡೆ, ಸುಳ್ಳು ಹೇಳಲ್ಲ. ಎರಡು ತಿಂಗಳಾದ ಮೇಲೆ ಗೊತ್ತಾಯ್ತು, ಅವರ ಮನೆಮಾತು ಮಾಮ್, ಮಾಯಾ ಭಾಷೆಗಳಲ್ಲಿ ಒಂದು. ಗ್ವಾಟೆಮಾಲಾದಲ್ಲಿ ಅಂಥವು ಇಪ್ಪತ್ತಕ್ಕೂ ಜಾಸ್ತಿ ಇವೆ. ಸ್ಪ್ಯಾನಿಷ್ ಅವರು ಶಾಲೆಯಲ್ಲಿ ಏಟು ತಿಂದು ಕಲಿತದ್ದು. ನಾನು ಸುಲಭ ಮಾಡ್ತೀನಿ ಅಂತ ಹತ್ತಿಸಿದ್ದು ಇನ್ನೊಂದು ಬೆಟ್ಟ. ತಾಂಡಾದಿಂದ ಬಂದ ಲಂಬಾಣಿ ಹುಡುಗಿಗೆ ಕನ್ನಡದ ಮೂಲಕ ಇಂಗ್ಲಿಷ್ ಕಲಿಸಿ, ಯಾಕೆ ತಲೆಗೆ ಹೋಗಲ್ಲ ಅಂತ ಬೈದ ಹಾಗೆ. ನನ್ನ ಜೊತೆ ಐದನೇ ಕ್ಲಾಸಿನಲ್ಲಿ ಅಂಥ ಒಬ್ಬಳಿದ್ದಳು. ಅವಳ ಪುಸ್ತಕದಲ್ಲಿ ಅಳಿಸೋಕೂ ಏನೂ ಇರಲಿಲ್ಲ.

ಮೂರನೇ ಕಾಲಮ್ಮು

ಓವರ್‌ಟೈಮ್ ದುಡ್ಡು ಬಂತಾ ಅಂತ ಕೇಳ್ತೀರಿ. ಎರಡು ವಾರದ್ದು ಬಂತು, ಹಳೆಯದು ಬರಲಿಲ್ಲ. ಕೇಳಿದ್ದಕ್ಕೆ ಮುಂದಿನ ತಿಂಗಳು ಅವರ ಗಂಟೆಗಳನ್ನ ಕಮ್ಮಿ ಮಾಡಿದರು. ಈಗ ಬೇರೆ ಹೋಟೆಲಿಗೆ ಹೋಗ್ತಾರೆ.

ಹೋದ ತಿಂಗಳು ಕ್ಲಾಸಿಗೆ ಮೊದಲೇ ಬಂದು ಕೂತಿದ್ದರು. ನೋಟ್‌ಬುಕ್ ತೆರೆದು, ಕೈ ಅಡ್ಡ ಇಡದೆ, ನನ್ನ ಕಡೆ ತಿರುಗಿಸಿದರು. ಪುಟದ ನಡುವೆ ಗೆರೆ ಎಳೆದು ಎರಡು ಕಾಲಮ್ ಮಾಡಿದ್ದರು. ಒಂದು ಕಡೆ 'ಐ ಆಮ್': ಹಂಗ್ರಿ, ಥರ್ಸ್ಟಿ, ಕೋಲ್ಡ್, ಸ್ಲೀಪಿ, ಅಫ್ರೇಡ್, ಫಾರ್ಟಿನೈನ್ ಇಯರ್ಸ್ ಓಲ್ಡ್. ಇನ್ನೊಂದು ಕಡೆ 'ಐ ಹ್ಯಾವ್': ಫೀವರ್, ಹೆಡೇಕ್, ಅಪಾಯಿಂಟ್‌ಮೆಂಟ್, ಟೈಮ್. "ಟೀಚರ್, ಜ್ವರ ಹ್ಯಾವ್, ತಲೆನೋವು ಹ್ಯಾವ್. ಹಸಿವು ಮಾತ್ರ ಯಾಕೆ ಆಮ್?" ಮೂರು ವರ್ಷ ಕಾದು ಅದೇ ಪ್ರಶ್ನೆಯನ್ನ ಇನ್ನೂ ಚೂಪು ಮಾಡಿಕೊಂಡು ಬಂದಿದ್ದರು. ಈ ಸಲ 'ಅದು ಹಾಗೇ' ಅನ್ನಲಿಲ್ಲ. ನನಗೂ ಗೊತ್ತಿಲ್ಲ, ಇಂಗ್ಲಿಷ್‌ನವರಿಗೂ ಗೊತ್ತಿರಲಿಕ್ಕಿಲ್ಲ ಅಂದೆ.

ನಿಮ್ಮ ಭಾಷೆಯಲ್ಲಿ ಯಾವ್ಯಾವುದು ಯಾವ ಕಡೆ ಬರುತ್ತೆ ಅಂತ ಕೇಳಿದರು. ಹಸಿವು, ಬಾಯಾರಿಕೆ, ಚಳಿ, ನಿದ್ದೆ, ಭಯ, ಜ್ವರ, ತಲೆನೋವು, ವಯಸ್ಸು, ಎಲ್ಲಾ ಒಂದೇ ಕಡೆ, ಎಲ್ಲಾ 'ನನಗೆ' ಅಂದೆ. ಅವರು ಅಂಚಿನಲ್ಲಿ ಮೂರನೇ ಗೆರೆ ಎಳೆದು, ಮೇಲೆ ಬರೆದುಕೊಂಡರು: ಎನ್, ಎ, ಎನ್, ಎ, ಜಿ, ಯು, ಇ. ನಡುವೆ ಆ ಯು ಯಾಕೆ, ಅದು ಬೇಡ ಅಂದೆ.

"ಬೇಕು ಟೀಚರ್. ಯು ಇಲ್ಲದಿದ್ದರೆ ನಾನು ಅದನ್ನ ನನಹೆ ಅಂತ ಓದ್ತೀನಿ."